ಕಿಟಕಿಯಲ್ಲೊಂದು ಹಿತ್ತಿಲು



ನಿಮ್ಮ ಮನೆಯಲ್ಲಿ ಎಷ್ಟು ಮಣ್ಣಿದೆ?

ಪ್ರಶ್ನೆ ವಿಚಿತ್ರವೆನಿಸೀತು. ಮುಂಬಯಿಯಲ್ಲಿ ನಾವು ಮನೆಯನ್ನು ಅಳೆಯುವುದು ಚದರಡಿಗಳಲ್ಲಿ. ಕಾರ್ಪೆಟ್ ಏರಿಯಾ ಎಷ್ಟೆಂದು ಕೇಳಿದರೆ ಹತ್ತು ವರ್ಷದ ಹುಡುಗನೂ ಥಟ್ಟನೆ ಹೇಳುತ್ತಾನೆ. ಮಣ್ಣಿನ ಲೆಕ್ಕ ಮಾತ್ರ ಯಾರ ಬಳಿಯೂ ಇಲ್ಲ. ಹೆಚ್ಚಿನ ಮನೆಗಳಲ್ಲಿ ಅದು ತುಳಸಿಯ ಒಂದು ಕುಂಡಕ್ಕೆ ಮುಗಿದುಹೋಗುತ್ತದೆ. ಆ ಒಂದು ಕುಂಡ ಈ ಬೇಸಿಗೆಯಲ್ಲಿ ಆರು ಕುಂಡಗಳಾಗಲಿ ಎಂಬುದು ಈ ತಿಂಗಳ ಅಂಕಣದ ಆಸೆ.

"ಬೇಸಿಗೆಯಲ್ಲೇ? ಮಳೆ ಬರಲಿ ಬಿಡಿ, ಆಮೇಲೆ ನೋಡೋಣ" ಎಂದು ಮನೆಯ ಹಿರಿಯರು ಹೇಳಬಹುದು. ಊರಿನ ಹೊಲಗದ್ದೆಗಳಿಗೆ ಆ ಮಾತು ಸರಿ. ಫ್ಲ್ಯಾಟಿನ ಕುಂಡದ ಲೆಕ್ಕ ಬೇರೆ. ಜೂನ್-ಜುಲೈಯಲ್ಲಿ ಮುಂಬಯಿಯ ಆಕಾಶ ದಿನಗಟ್ಟಲೆ ಮುಚ್ಚಿಕೊಂಡೇ ಇರುತ್ತದೆ. ಗ್ಯಾಲರಿಯ ಅರೆಬೆಳಕಿನಲ್ಲಿ ಎಳೆಯ ಸಸಿಗಳು ಸೊರಗುತ್ತವೆ, ರಾಚುವ ಮಳೆಗೆ ಬುಡ ಕೊಳೆಯುತ್ತದೆ. ಬಿಸಿಲು ಧಾರಾಳವಾಗಿದ್ದು, ಎಷ್ಟು ನೀರು ಕೊಡಬೇಕೆಂಬುದು ನಮ್ಮ ಕೈಯಲ್ಲೇ ಇರುವ ಕಾಲವೆಂದರೆ ಬೇಸಿಗೆ. ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ಮಾರ್ಚ್ ಮೊದಲ ವಾರದಿಂದ ಎಣಿಸಿದರೆ ಕೈಗೆ ಸಿಗುವುದು ಸರಿಸುಮಾರು ನೂರು ದಿನ. ಹೊಸಬರಿಗೆ ಅಷ್ಟು ಸಾಕು.

ಕೈಗುಣವಲ್ಲ, ಗಿಡದ ಗುಣ

ಮೊದಲ ಸಲ ತೋಟ ಮಾಡುವವರು ಸಾಮಾನ್ಯವಾಗಿ ಎರಡು ಗಿಡಗಳಿಂದ ಆರಂಭಿಸುತ್ತಾರೆ: ಟೊಮೆಟೊ ಮತ್ತು ಕೊತ್ತಂಬರಿ. ದಿನವೂ ಅಡುಗೆಗೆ ಬೇಕಾಗುವವು ಅವೇ ತಾನೆ! ಆದರೆ ಬೇಸಿಗೆಯ ಮಟ್ಟಿಗೆ ಈ ಎರಡೂ ಮೋಸ ಮಾಡುವ ಗಿಡಗಳು. ಟೊಮೆಟೊ ಕಾಯಿ ಕಚ್ಚಬೇಕಾದರೆ ರಾತ್ರಿ ತುಸು ತಂಪಿರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಮುಂಬಯಿಯ ರಾತ್ರಿಗಳು ಎಷ್ಟು ತಂಪೆಂಬುದು ನಿಮಗೇ ಗೊತ್ತು. ಗಿಡ ಸೊಂಪಾಗಿ ಬೆಳೆಯುತ್ತದೆ, ಹೂವೂ ಬಿಡುತ್ತದೆ. ಆ ಹೂವೆಲ್ಲ ಒಂದೊಂದಾಗಿ ಉದುರಿಬೀಳುತ್ತದೆ. ಕೊತ್ತಂಬರಿಯದು ಇನ್ನೊಂದು ಕಥೆ. ಸೆಖೆ ಏರಿದಾಗ ಬೀಜ ಸರಿಯಾಗಿ ಮೊಳೆಯುವುದೇ ಇಲ್ಲ. ಮೊಳೆತದ್ದು ನಾಲ್ಕೆಲೆ ಬಿಡುವಷ್ಟರಲ್ಲಿ ಉದ್ದುದ್ದಕ್ಕೆ ಎದ್ದು ಹೂವಾಗಿಬಿಡುತ್ತದೆ. ಆಗ ಗಿಡ ನೆಟ್ಟವರು "ನನ್ನ ಕೈಗುಣವೇ ಸರಿಯಿಲ್ಲ" ಎಂದು ಕುಂಡವನ್ನು ಮೂಲೆಗೆ ತಳ್ಳುತ್ತಾರೆ. ಕೈಗುಣದ ತಪ್ಪೇನೂ ಇಲ್ಲ. ಚಳಿಗಾಲದ ಗಿಡವನ್ನು ಬೇಸಿಗೆಯಲ್ಲಿ ಬೆಳೆಯಹೊರಟದ್ದಷ್ಟೇ ತೊಂದರೆ.

ಹಾಗಾದರೆ ಬೇಸಿಗೆಗೆ ಹೇಳಿ ಮಾಡಿಸಿದ ಗಿಡಗಳು ಯಾವುವು? ಸಂತೋಷದ ವಿಷಯವೆಂದರೆ, ಅವು ನಿಮ್ಮ ಅಜ್ಜಿಯಂದಿರ ಹಿತ್ತಿಲಲ್ಲಿದ್ದವೇ. ಹರಿವೆ, ಬಸಳೆ, ಪುಂಡಿ, ದೊಡ್ಡಪತ್ರೆ, ಬೆಂಡೆ, ಗೋರಿಕಾಯಿ. ಅರೆನೆರಳಿನ ಮೂಲೆಯಿದ್ದರೆ ಒಂದೆಲಗ ಮತ್ತು ಪುದೀನ. ಉಷ್ಣವನ್ನು ಸಹಿಸುವುದಷ್ಟೇ ಅಲ್ಲ, ಇವುಗಳಲ್ಲಿ ಹಲವು ಸೆಖೆಯಲ್ಲೇ ಹುರುಪಾಗಿ ಬೆಳೆಯುತ್ತವೆ. ಬಿತ್ತಿದ 25-30 ದಿನಕ್ಕೆ ಹರಿವೆ ಕೊಯ್ಲಿಗೆ ಬರುತ್ತದೆ. ನಮ್ಮ ನೂರು ದಿನಗಳಲ್ಲಿ ಅದನ್ನು ಮೂರು ಸಲ ಬೆಳೆಯಬಹುದು.

ಒಂದೇ ಸೊಪ್ಪು, ಹಲವು ಹೆಸರು

ಇಲ್ಲಿ ನಿಮಗೊಂದು ತೊಡಕು ಎದುರಾಗುತ್ತದೆ. ಅಮ್ಮ ಮನೆಯಲ್ಲಿ ಹೇಳುವ ಹೆಸರು ಒಂದು, ಭಾಜಿವಾಲಿ ಹೇಳುವ ಹೆಸರು ಇನ್ನೊಂದು. ಎರಡೂ ಒಂದೇ ಸೊಪ್ಪೆಂದು ಗೊತ್ತಾಗದೆ "ಅದು ಮುಂಬಯಿಯಲ್ಲಿ ಸಿಗುವುದಿಲ್ಲ" ಎಂದುಕೊಂಡು ಎಷ್ಟೋ ವರ್ಷ ಕಳೆದುಬಿಡುತ್ತೇವೆ.

ಕರಾವಳಿಯವರು ಹರಿವೆ ಎಂದರೆ ಮೈಸೂರಿನ ಕಡೆಯವರು ದಂಟಿನ ಸೊಪ್ಪು ಎನ್ನುತ್ತಾರೆ, ಉತ್ತರ ಕರ್ನಾಟಕದವರು ರಾಜಗಿರಿ ಎನ್ನುತ್ತಾರೆ. ಇಲ್ಲಿನ ಮಾರುಕಟ್ಟೆಯಲ್ಲಿ ಅದೇ ಮಾಠ. ಕೆಂಪಗಿದ್ದರೆ ಲಾಲ್ ಮಾಠ. ಬಸಳೆಯನ್ನು ಕೊಂಕಣಿಯವರು ವಾಳಿ ಎನ್ನುತ್ತಾರೆ, ಮರಾಠಿಯಲ್ಲಿ ಅದು ಮಾಯಾಳು. ಪುಂಡಿಪಲ್ಯದ ಪುಂಡಿ ಇಲ್ಲಿ ಅಂಬಾಡಿ. ಹೈದರಾಬಾದಿನಲ್ಲಿ ಅದೇ ಗೋಂಗೂರ. ದೊಡ್ಡಪತ್ರೆಗೆ ಮಲೆನಾಡಿನಲ್ಲಿ ಸಾಂಬಾರ ಸೊಪ್ಪೆಂದೂ ಕರಾವಳಿಯಲ್ಲಿ ಸಾಂಬ್ರಾಣಿಯೆಂದೂ ಹೆಸರು. ಇಲ್ಲಿನ ನರ್ಸರಿಯವರು ಅದನ್ನು ಓವಾ ಅಥವಾ ಅಜವಾಯಿನ್ ಗಿಡ ಎಂದು ಮಾರುತ್ತಾರೆ. ವಾಸನೆಯಲ್ಲಿ ಸಾಮ್ಯವಿರುವುದು ನಿಜ, ಆದರೆ ನಾವು ಚಕ್ಕುಲಿಗೆ ಹಾಕುವ ಓಮದ ಕಾಳು ಬರುವುದು ಬೇರೆಯೇ ಗಿಡದಿಂದ. ಒಂದೆಲಗವನ್ನು ತುಳುವಿನಲ್ಲಿ ತಿಮರೆ ಎನ್ನುತ್ತಾರೆ. ಬ್ರಾಹ್ಮಿ ಎಂಬ ಹೆಸರೂ ಅದಕ್ಕಿದೆ. ನೀರುಬ್ರಾಹ್ಮಿ ಎಂಬ ಬೇರೊಂದು ಗಿಡವನ್ನೂ ಬ್ರಾಹ್ಮಿ ಎಂದೇ ಮಾರುವುದರಿಂದ ಎಲೆಯ ಆಕಾರ ನೋಡಿಯೇ ಕೊಳ್ಳಿ: ಒಂದೆಲಗದ್ದು ತೊಟ್ಟಿನ ತುದಿಗೆ ಒಂದೊಂದೇ ದುಂಡನೆಯ ಎಲೆ. ನೀರುಬ್ರಾಹ್ಮಿಯದು ಚಿಕ್ಕ ಚಿಕ್ಕ ದಪ್ಪ ಎಲೆ.

ಎಲ್ಲಕ್ಕಿಂತ ತಮಾಷೆಯದು ಚವಳಿ. ಹುಬ್ಬಳ್ಳಿ-ಧಾರವಾಡದ ಮನೆಯಲ್ಲಿ "ಚವಳಿಕಾಯಿ ತಾ" ಎಂದರೆ ಗೋರಿಕಾಯಿ ತರಬೇಕು, ಅಂದರೆ ಇಲ್ಲಿನ ಗವಾರ. ಅದೇ ಹೆಸರು ಹಿಡಿದು ದಾದರಿನ ಮಾರುಕಟ್ಟೆಯಲ್ಲಿ ಚವಳಿ ಕೇಳಿದರೆ ಕೈಗೆ ಬರುವುದು ಅಲಸಂದೆ. ಅವ್ವನಿಂದ ಬೈಗುಳ ತಿನ್ನುವುದು ಮಾತ್ರ ನೀವು.

ಹೆಸರು ತಿಳಿದರೆ ಬೀಜದ ಅಂಗಡಿಗೆ ಹೋಗುವ ಮೊದಲೇ ಅರ್ಧ ತೋಟ ಸಿದ್ಧವಾಗುತ್ತದೆ. ಭಾಜಿವಾಲಿಯಿಂದ ಒಂದು ಕಟ್ಟು ಮಾಯಾಳು ತನ್ನಿ. ಎಲೆಯನ್ನು ಅಡುಗೆಗೆ ಬಿಡಿಸಿಕೊಂಡು, ಬಲಿತ ದಂಟನ್ನು ಮೂರು ಗೆಣ್ಣು ಇರುವಂತೆ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ. ಹತ್ತು ದಿನದೊಳಗೆ ಬೇರು ಬಿಡುತ್ತದೆ. ಪುದೀನದ ಕಡ್ಡಿಯನ್ನು ಒಂದು ಲೋಟ ನೀರಿನಲ್ಲಿ ನಿಲ್ಲಿಸಿ, ಬೇರು ಕಂಡ ಮೇಲೆ ನೆಡಬಹುದು. ಮೆಂತ್ಯ ಅಡುಗೆಮನೆಯ ಡಬ್ಬಿಯಲ್ಲೇ ಇದೆ. ಉಪವಾಸಕ್ಕೆ ತರುವ ರಾಜಗಿರಾ ಕಾಳು ಹುರಿಯದೆ ಇದ್ದರೆ ಅದೂ ಹರಿವೆಯ ಜಾತಿಯ ಬೀಜವೇ. ಚಿಟಿಕೆ ಉದುರಿಸಿದರೆ ಮೊಳೆಯುತ್ತದೆ, ಎಲೆಯನ್ನು ಪಲ್ಯ ಮಾಡಬಹುದು. ಆದರೆ ಕರಿಬೇವಿನ ಕಡ್ಡಿ ಹೀಗೆ ಊರಿದರೆ ಸುಲಭವಾಗಿ ಬದುಕುವುದಿಲ್ಲ. ನರ್ಸರಿಯಿಂದ ಒಂದು ಸಸಿ ತಂದು 12 ಇಂಚಿನ ಕುಂಡದಲ್ಲಿಡಿ, ತುದಿ ಚಿವುಟುತ್ತಿರಿ. ಆಗ ಕವಲೊಡೆದು ಪೊದೆಯಾಗುತ್ತದೆ.

ಬೆಂಡೆ ಮತ್ತು ಗೋರಿಕಾಯಿಗೆ ಒಳ್ಳೆಯ ಬೀಜವೇ ಬೇಕು. ಬೆಂಡೆಗೆ ಬಿಳಿನೊಣದಿಂದ ಹರಡುವ ಹಳದಿ ನಂಜುರೋಗದ ಕಾಟ ಬಹಳ. ಎಲೆಯ ನರಗಳೆಲ್ಲ ಹಳದಿಯಾಗಿ, ಕಾಯಿ ಬೆಳ್ಳಗೆ ನಾರಾಗುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ರೋಗವನ್ನು ತಡೆದುಕೊಳ್ಳಲೆಂದೇ ಬೆಳೆಸಿದ ತಳಿ ಅರ್ಕಾ ಅನಾಮಿಕ. ಅದೇ ಸಂಸ್ಥೆಯ ಅರ್ಕಾ ಸುಗುಣ ಎಂಬ ಹರಿವೆಯನ್ನು ಬುಡಸಹಿತ ಕೀಳದೆ ಮತ್ತೆ ಮತ್ತೆ ಕೊಯ್ಯಬಹುದು. ಬೀಜದ ಪೊಟ್ಟಣದ ಮೇಲೆ ಈ ಹೆಸರುಗಳನ್ನು ಕಂಡರೆ ಬಿಡಬೇಡಿ.

ಸೂರ್ಯನ ದಾರಿ

ಕುಂಡ ಇಡುವ ಮೊದಲು ಒಂದು ಭಾನುವಾರ ಪೂರ್ತಿ ನಿಮ್ಮ ಕಿಟಕಿಗಳನ್ನು ಗಮನಿಸಿ. ಯಾವ ಕಿಟಕಿಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬಿಸಿಲು ಬರುತ್ತದೆಂದು ಬರೆದಿಡಿ. ಸೊಪ್ಪುಗಳಿಗೆ ಮೂರು-ನಾಲ್ಕು ಗಂಟೆಯ ನೇರ ಬಿಸಿಲು ಸಾಕು. ಬೆಂಡೆ, ಗೋರಿಕಾಯಿಗಳಿಗೆ ಆರು ಗಂಟೆಯಾದರೂ ಬೇಕು.

ಇದರಲ್ಲೊಂದು ಸೂಕ್ಷ್ಮವಿದೆ. ಡಿಸೆಂಬರಿನಲ್ಲಿ ದಕ್ಷಿಣದ ಗ್ಯಾಲರಿಗೆ ಬಿಸಿಲು ಒಳಮನೆಯವರೆಗೂ ಚಾಚಿರುತ್ತದೆ. ಅದನ್ನೇ ನಂಬಿ ಬೇಸಿಗೆಯ ತೋಟವನ್ನು ಅಲ್ಲಿ ಮಾಡಿದರೆ ಕೆಲಸ ಕೆಡುತ್ತದೆ. ಮಾರ್ಚಿನಿಂದ ಸೂರ್ಯ ಮೇಲಕ್ಕೇರುತ್ತ ಹೋಗಿ, ಮೇ 15ರ ಸುಮಾರಿಗೆ ಮುಂಬಯಿಯಲ್ಲಿ ನಡುಹಗಲು ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟಗೆ ನಿಂತ ಕಂಬದ ನೆರಳು ಆ ಹೊತ್ತು ಅದರ ಬುಡದಲ್ಲೇ ಅಡಗುತ್ತದೆ. ಅಲ್ಲಿಂದ ಜುಲೈ ಕೊನೆಯ ವಾರದವರೆಗೆ ಅವನು ತುಸು ಉತ್ತರದಲ್ಲಿರುತ್ತಾನೆ. ಹೀಗಾಗಿ ಮೇಲಿನ ಮಹಡಿಯ ಗ್ಯಾಲರಿಯ ನೆರಳು ದಕ್ಷಿಣದ ಗ್ಯಾಲರಿಯನ್ನು ಮುಚ್ಚುತ್ತದೆ. ವರ್ಷವೆಲ್ಲ ಬಿಸಿಲು ಕಾಣದ ಉತ್ತರದ ಕಿಟಕಿಗೆ ಮೇ ತಿಂಗಳಲ್ಲಿ ಸ್ವಲ್ಪ ಬಿಸಿಲು ಸಿಗುತ್ತದೆ. ಪೂರ್ವದ ಕಿಟಕಿಯಿದ್ದರೆ ನೀವು ಪುಣ್ಯವಂತರು, ಬೆಳಗಿನ ಎಳೆಬಿಸಿಲು ಎಲ್ಲ ಗಿಡಕ್ಕೂ ಹಿತ. ಪಶ್ಚಿಮದ್ದಾದರೆ ಮಧ್ಯಾಹ್ನದ ಸುಡುಬಿಸಿಲಿಗೆ ಬಸಳೆಯ ಬಳ್ಳಿಯನ್ನೇ ಪರದೆಯಂತೆ ಹಬ್ಬಿಸಿ. ಅದರ ನೆರಳಲ್ಲಿ ಪುದೀನವೂ ಬದುಕುತ್ತದೆ, ಒಳಗಿನ ಕೋಣೆಯೂ ತಂಪಾಗಿರುತ್ತದೆ.

ಕುಂಡ, ಮಣ್ಣು, ಭಾರ

ಹಳೆಯ ಬಕೆಟ್, ಎಣ್ಣೆಯ ಡಬ್ಬ, ಒಡೆದ ಟಬ್ಬು, ಯಾವುದಾದರೂ ಆದೀತು. ತಳದಲ್ಲಿ ನಾಲ್ಕೈದು ತೂತು ಇರಲೇಬೇಕು. ಹರಿವೆ-ಮೆಂತ್ಯಗಳಿಗೆ ಆರೆಂಟು ಇಂಚು ಆಳದ ಅಗಲವಾದ ಪಾತ್ರೆ, ಬೆಂಡೆ-ಬಸಳೆಗಳಿಗೆ 12 ಇಂಚಿನ ಕುಂಡ, ದೊಡ್ಡಪತ್ರೆಗೆ ಎಂಟು ಇಂಚಿನದು ಸಾಕು. ಪುದೀನವನ್ನು ಬೇರೆ ಗಿಡದ ಜೊತೆ ಇಡಬೇಡಿ. ಅದು ಬಾಡಿಗೆಗೆ ಬಂದು ಇಡೀ ಮನೆಯನ್ನೇ ಆಕ್ರಮಿಸುವ ಜಾತಿ.

ಬರಿಯ ಮಣ್ಣು ತುಂಬಬೇಡಿ. 20 ಲೀಟರಿನ ಬಕೆಟ್ಟಿಗೆ ಬರಿಯ ಮಣ್ಣು ತುಂಬಿ ನೀರು ಹಾಕಿದರೆ ಅದರ ತೂಕ 30 ಕಿಲೊದಷ್ಟಾಗುತ್ತದೆ. ಅಂಥ ಆರು ಬಕೆಟ್ಟುಗಳನ್ನು ಗ್ಯಾಲರಿಯ ಹೊರ ಅಂಚಿನಲ್ಲಿ ಇಟ್ಟರೆ ಎರಡು-ಮೂರು ಜನ ಸದಾ ಅಲ್ಲೇ ನಿಂತಿದ್ದಂತೆ. ಹಳೆಯ ಕಟ್ಟಡದ ಗ್ಯಾಲರಿಗಳಿಗೆ ಇದು ಒಳ್ಳೆಯದಲ್ಲ. ಆದ್ದರಿಂದ ಕೆಂಪು ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಭಾರ ತಗ್ಗುತ್ತದೆ, ನೀರೂ ಹೆಚ್ಚು ಹೊತ್ತು ನಿಲ್ಲುತ್ತದೆ. ದೊಡ್ಡ ಕುಂಡಗಳನ್ನು ಗೋಡೆಗೆ ಒತ್ತಿಡಿ. ಕಿಟಕಿಯ ಹೊರಗಿನ ಗ್ರಿಲ್‌ನಲ್ಲಿ ಸಣ್ಣ ಕುಂಡಗಳನ್ನಷ್ಟೇ ತಂತಿಯಿಂದ ಬಿಗಿದು ಇಡಿ. ಐದನೆಯ ಮಹಡಿಯಿಂದ ಬಿದ್ದ ಕುಂಡಕ್ಕೆ ಕೆಳಗೆ ನಡೆಯುವವರ ತಲೆ ಯಾರದೆಂಬುದು ಗೊತ್ತಿರುವುದಿಲ್ಲ. ಸೊಸೈಟಿಯ ಕಮಿಟಿಗೆ ಮೊದಲೇ ಒಂದು ಮಾತು ಹೇಳಿ, ಕೆಳಗಿನ ಮನೆಯವರ ಒಣಗಿದ ಬಟ್ಟೆಯ ಮೇಲೆ ಕೆಸರುನೀರು ಸೋರದಂತೆ ನೋಡಿಕೊಂಡರೆ ಜಗಳವೇ ಇಲ್ಲ.

ಗೊಬ್ಬರಕ್ಕೆ ಹೊರಗೆ ಹೋಗಬೇಕಾಗಿಯೂ ಇಲ್ಲ. ಪಕ್ಕದಲ್ಲಿ ತೂತು ಕೊರೆದ ಮುಚ್ಚಳದ ಬಕೆಟ್ಟಿನಲ್ಲಿ ತರಕಾರಿ ಸಿಪ್ಪೆ ಒಂದು ಪದರ, ಒಣ ಎಲೆ ಅಥವಾ ನಾರಿನ ಪುಡಿ ಒಂದು ಪದರ ಹೀಗೆ ಹಾಕುತ್ತ, ವಾರಕ್ಕೆರಡು ಸಲ ಕೆದಕಿದರೆ ಒಂದೂವರೆ-ಎರಡು ತಿಂಗಳಲ್ಲಿ ಕಪ್ಪನೆಯ ಗೊಬ್ಬರವಾಗುತ್ತದೆ. ಉಪ್ಪು, ಎಣ್ಣೆ ಹಾಕಿ ಬೇಯಿಸಿದ್ದನ್ನು ಸೇರಿಸಬೇಡಿ. ಇದೇನು ದೊಡ್ಡ ಮಾತೆಂದು ಮೂಗು ಮುರಿಯಬೇಡಿ. ನಮ್ಮ ಮುಂಬಯಿ ಬಂದರಿನ ಕೇಂದ್ರ ಅಡುಗೆಮನೆಯ ಛಾವಣಿಯ ಮೇಲೆ 2002ರಲ್ಲಿ ಪ್ರೀತಿ ಪಾಟೀಲರ ಮುಂದಾಳತ್ವದಲ್ಲಿ ಎದ್ದ ಹಣ್ಣು-ತರಕಾರಿಗಳ ತೋಟಕ್ಕೆ ಆಧಾರವಾದದ್ದು ಅದೇ ಅಡುಗೆಮನೆಯ ಹಸಿ ಕಸ.

ನೀರು

ಬೇಸಿಗೆಯ ತೋಟ ಗೆಲ್ಲುವುದೂ ಸೋಲುವುದೂ ನೀರಿನಲ್ಲಿ. ಬೆಳಿಗ್ಗೆ ಬಿಸಿಲೇರುವ ಮೊದಲು ಹಾಕಿ. ದೊಡ್ಡ ಕುಂಡಕ್ಕೆ ದಿನಕ್ಕೆ ಒಂದರಿಂದ ಎರಡು ಲೀಟರ್. ಬೆರಳನ್ನು ಮಣ್ಣಿನೊಳಗೆ ಒಂದು ಇಂಚು ಇಳಿಸಿ ನೋಡಿ. ಒಣಗಿದ್ದರೆ ಹಾಕಿ, ತೇವವಿದ್ದರೆ ಬಿಡಿ. ದೊಡ್ಡಪತ್ರೆಯ ಎಲೆಯಲ್ಲೇ ನೀರಿನ ಸಂಗ್ರಹವಿದೆ. ಅದಕ್ಕೆ ದಿನವೂ ಸುರಿದರೆ ಪ್ರೀತಿಯಿಂದಲೇ ಕೊಂದಂತೆ. ಒಂದೆಲಗಕ್ಕೆ ಮಾತ್ರ ಮಣ್ಣು ಸದಾ ತೇವವಾಗಿರಬೇಕು.

ನೀರು ಕಡಿತದ ದಿನಗಳಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ ಮನೆಯವರು ಸುಮ್ಮನಿರುವರೇ? ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಕೂಡಿಡಿ. ಏ.ಸಿ. ಯಂತ್ರದಿಂದ ತೊಟ್ಟಿಕ್ಕುವ ನೀರೂ ಗಿಡಕ್ಕೆ ಒಳ್ಳೆಯದೇ. ನೀರು ಶುದ್ಧಮಾಡುವ ಆರ್.ಓ. ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಲವಣ ಹೆಚ್ಚು. ಅದನ್ನು ದಿನವೂ ಹಾಕಬೇಡಿ. ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರಿನ ಹೊದಿಕೆ ಹಾಸಿದರೆ ತೇವ ಆರುವುದು ತಡವಾಗುತ್ತದೆ.

ಒಂದು ಎಚ್ಚರಿಕೆ. ಕುಂಡದಡಿಯ ತಟ್ಟೆಯಲ್ಲಿ ನಿಂತ ತಿಳಿನೀರಿನಲ್ಲೇ ಡೆಂಗ್ಯೂ ಸೊಳ್ಳೆ ಮೊಟ್ಟೆಯಿಡುವುದು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ತಟ್ಟೆಗಳನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ, ಒರೆಸಿ ಇಡಿ.

ಶತ್ರುಗಳು

ಮುಂಬಯಿಯ ಮೊದಲ ಶತ್ರು ಹುಳವಲ್ಲ, ಪಾರಿವಾಳ. ಮೊಳಕೆಗಳನ್ನು ಕಿತ್ತುಹಾಕಿ ಕುಂಡದಲ್ಲೇ ಸಂಸಾರ ಹೂಡುತ್ತದೆ. ಬಿತ್ತಿದ ಕುಂಡದ ಮೇಲೆ ಹಳೆಯ ಸೊಳ್ಳೆಪರದೆಯ ತುಂಡನ್ನು ಕಟ್ಟಿ, ಗಿಡ ಗೇಣುದ್ದವಾದ ಮೇಲೆ ತೆಗೆಯಿರಿ. ಎರಡನೆಯದು ಎಲೆಯಡಿಯ ನುಸಿ ಮತ್ತು ಗಿಡಹೇನು. ಒಣ ಸೆಖೆಯಲ್ಲಿ ಇವು ಹೆಚ್ಚುತ್ತವೆ. ಎರಡು ದಿನಕ್ಕೊಮ್ಮೆ ಎಲೆಯ ಹಿಂಬದಿಗೆ ನೀರು ಸಿಡಿಸಿದರೆ ಅರ್ಧ ತೊಲಗುತ್ತವೆ. ಬಿಳಿಯ ಹಿಟ್ಟುತಿಗಣೆ ಕಂಡರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಸಿ ಸಂಜೆಯ ಹೊತ್ತು ಸಿಂಪಡಿಸಿ. ಉರಿಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಬಳ್ಳಿ ತರಕಾರಿಯ ಹುಮ್ಮಸ್ಸುಳ್ಳವರು ಹೀರೆ, ಹಾಗಲ ಹಬ್ಬಿಸಬಹುದು. ಮೊದಲು ಬರುವ ಹೂವೆಲ್ಲ ಗಂಡು ಹೂ, ಅವು ಉದುರಿದರೆ ಗಾಬರಿಯಾಗಬೇಡಿ. ಪುಟ್ಟ ಕಾಯಿಯಂಥ ಬುಡವಿರುವ ಹೆಣ್ಣು ಹೂ ಆಮೇಲೆ ಬರುತ್ತದೆ. ಎತ್ತರದ ಮಹಡಿಗೆ ಜೇನ್ನೊಣ ಬಾರದಿದ್ದರೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ತಾಗಿಸಿ. ಹಾಗಲಕ್ಕೆ ಈ ಕೆಲಸ ಬೆಳಿಗ್ಗೆ ಮಾಡಬೇಕು. ಗೆರೆಯಿರುವ ನಮ್ಮ ಹೀರೆಯ ಹೂ ಅರಳುವುದು ಸಂಜೆ. ಆಫೀಸಿನಿಂದ ಬಂದ ಮೇಲೂ ಸಮಯವಿರುತ್ತದೆ.

ನೂರು ದಿನದ ಪಂಚಾಂಗ

ಮಾರ್ಚ್ ಮೊದಲ ವಾರ: ಹರಿವೆ, ಮೆಂತ್ಯ, ಪುಂಡಿ, ಬೆಂಡೆ, ಗೋರಿಕಾಯಿ ಬಿತ್ತನೆ, ಬಸಳೆ, ದೊಡ್ಡಪತ್ರೆ, ಪುದೀನದ ಕಡ್ಡಿ ನೆಡುವುದು. ಹರಿವೆಯ ಬೀಜ ಸಾಸಿವೆಗಿಂತ ಸಣ್ಣದು. ಮರಳಿನಲ್ಲಿ ಬೆರೆಸಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹರಡಿ.

ಮಾರ್ಚ್ ಕೊನೆ: ಮೆಂತ್ಯ ಕೀಳಬಹುದು. ಒತ್ತಾಗಿ ಎದ್ದ ಹರಿವೆಯಲ್ಲಿ ಕೆಲವನ್ನು ಕಿತ್ತು ಸಾರಿಗೆ ಹಾಕಿ, ಉಳಿದವಕ್ಕೆ ಜಾಗವಾಗುತ್ತದೆ.

ಏಪ್ರಿಲ್: ಹರಿವೆ ಕೊಯ್ಲು, ಮರುಬಿತ್ತನೆ. ಬಿತ್ತಿ 45-50 ದಿನಕ್ಕೆ ಬೆಂಡೆ ಕಾಯಿ ಬಿಡತೊಡಗುತ್ತದೆ. ದಿನಬಿಟ್ಟು ದಿನ ಕೊಯ್ಯಿರಿ, ಬಿಟ್ಟರೆ ನಾರಾಗುತ್ತದೆ.

ಮೇ: ಮಳೆಗಾಲದ ತಯಾರಿ. ಕೆಸುವಿನ ಗಡ್ಡೆ, ಅಂದರೆ ಇಲ್ಲಿನ ಅಳುವಿನದು, ಅಗಲ ಕುಂಡದಲ್ಲಿ ನೆಟ್ಟರೆ ಆಟಿ ತಿಂಗಳ ಪತ್ರೊಡೆಗೆ ಎಲೆಯಾಗುತ್ತದೆ. ಹಸಿ ಅರಿಶಿನದ ಕೊಂಬು ಊರಿದರೆ ನಾಗರಪಂಚಮಿಯ ಕಡುಬಿಗೆ ಎಲೆ ಸಿಗುತ್ತದೆ. ಅಂಗಡಿಯ ಒಣ ಅರಿಶಿನ ಬೇಯಿಸಿ ಒಣಗಿಸಿದ್ದು, ಅದು ಮೊಳೆಯುವುದಿಲ್ಲ.

ಮೇ ಎಂದೊಡನೆ ನೀವೆಲ್ಲ ಊರಿಗೆ ಹೊರಡುತ್ತೀರಿ. ಮುಂಬಯಿ ಕನ್ನಡಿಗರ ಅನೇಕ ತೋಟಗಳು ಸಾಯುವುದು ಆ ಎರಡು ವಾರಗಳಲ್ಲೇ. ಕುಂಡಗಳನ್ನೆಲ್ಲ ನೆರಳಲ್ಲಿ ಒತ್ತೊತ್ತಾಗಿ ಸೇರಿಸಿ, ಮಧ್ಯದಲ್ಲಿ ಎತ್ತರಕ್ಕೊಂದು ಬಕೆಟ್ ನೀರಿಟ್ಟು, ಹತ್ತಿಬಟ್ಟೆಯ ದಪ್ಪ ಬತ್ತಿಗಳ ಒಂದು ತುದಿಯನ್ನು ನೀರಲ್ಲಿ, ಇನ್ನೊಂದನ್ನು ಕುಂಡದ ಮಣ್ಣಲ್ಲಿ ಹುದುಗಿಸಿದರೆ ನಾಲ್ಕೈದು ದಿನ ಸಾಗುತ್ತದೆ. ಅದಕ್ಕಿಂತ ಹೆಚ್ಚಾದರೆ ಪಕ್ಕದ ಮನೆಯ ಕಾಕೂಗೆ ಕೀಲಿಕೈ ಕೊಟ್ಟು, ಬೆಂಡೆಯೆಲ್ಲ ನಿಮ್ಮದೇ ಎಂದು ಹೇಳಿ ಹೋಗಿ.

ಒಂದು ತಂಬುಳಿ

ಇಷ್ಟೆಲ್ಲ ಪಾಡಿಗೆ ಫಲವೇನೆಂದು ಕೇಳುವವರಿಗೆ ದೊಡ್ಡಪತ್ರೆಯ ತಂಬುಳಿ. ಹತ್ತು-ಹನ್ನೆರಡು ಎಲೆ ತೊಳೆದು, ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸಿನ ಜೊತೆ ಎಲೆ ಬಾಡುವವರೆಗೆ ಹುರಿಯಿರಿ. ಆರಿದ ಮೇಲೆ ಮೂರು ಚಮಚ ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಕಲಸಿ ಉಪ್ಪು ಹಾಕಿ. ಸಾಸಿವೆ, ಒಣಮೆಣಸಿನ ಒಗ್ಗರಣೆ. ಕುದಿಸಬಾರದು. ಮೇ ತಿಂಗಳ ಮಧ್ಯಾಹ್ನ ಲೋಕಲ್ ರೈಲಿನಿಂದ ಇಳಿದು ಬೆವರಿ ಬಂದವರ ಮುಂದೆ ಅನ್ನದ ಜೊತೆ ಇದನ್ನಿಡಿ, ಆಮೇಲೆ ಫಲದ ಮಾತಾಡೋಣ.

ಕೊನೆಯದಾಗಿ

ಹರಿವೆ, ಬೆಂಡೆಗಳ ಬೀಜ ನಾಳೆಯೂ ಸಿಗುತ್ತದೆ, ಹತ್ತು ವರ್ಷದ ಮೇಲೂ ಸಿಗುತ್ತದೆ. ದೊಡ್ಡಪತ್ರೆ, ಒಂದೆಲಗ, ಕೆಂಪು ದಂಟಿನ ಊರ ಬಸಳೆ ಹಾಗಲ್ಲ. ಇವು ಮನೆಯಿಂದ ಮನೆಗೆ ಬಂದವು. ನಿಮ್ಮ ಬಿಲ್ಡಿಂಗಿನಲ್ಲೋ, ಸಂಘದ ಪರಿಚಯದಲ್ಲೋ ಹಿರಿಯರೊಬ್ಬರ ಗ್ಯಾಲರಿಯಲ್ಲಿ ಊರಿಂದ ತಂದ ಗಿಡ ಇದ್ದೇ ಇರುತ್ತದೆ. ಯಾರೋ ಅತ್ತೆ ಒದ್ದೆ ಪೇಪರಿನಲ್ಲಿ ಸುತ್ತಿ, ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಕಡ್ಡಿಯ ಮೊಮ್ಮಗು ಅದು. ಹಳೆಯ ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಗುವಾಗ, ಅಥವಾ ವಯಸ್ಸಾದವರು ಮಗನ ಮನೆಗೆ ಸ್ಥಳಾಂತರವಾಗುವಾಗ ಫ್ರಿಜ್ಜು, ಕಪಾಟು, ದೇವರ ಮಂಟಪ ಎಲ್ಲ ಲಾರಿ ಹತ್ತುತ್ತವೆ. ಕುಂಡಗಳು ಹಿಂದೆ ಉಳಿಯುತ್ತವೆ. ಗಿಡ ಹೋದ ಮೇಲೆ ತಂಬುಳಿಯೂ ಹೋಗುತ್ತದೆ. ತಂಬುಳಿ ಹೋದ ಮೇಲೆ ಆ ಹೆಸರನ್ನು ಮನೆಯಲ್ಲಿ ಯಾರು ಯಾವ ಕಾರಣಕ್ಕೆ ಉಚ್ಚರಿಸಬೇಕು?

ಅದಕ್ಕಾಗಿ ಈ ಬೇಸಿಗೆಯಲ್ಲಿ ಬೀಜದಂಗಡಿಗೆ ಹೋಗುವ ಮೊದಲು ಅಂಥ ಒಂದು ಮನೆಯ ಕದ ತಟ್ಟಿ. ಒಂದು ಕಡ್ಡಿ ಕೇಳಿ. ಅದರ ಹೆಸರು ಕೇಳಿ, ಅವರ ಊರಿನಲ್ಲಿ ಏನೆನ್ನುತ್ತಾರೆ, ಹೇಗೆ ಅಡುಗೆ ಮಾಡುತ್ತಾರೆ ಎಂದೂ ಕೇಳಿ. ಪರಿಚಯವಿಲ್ಲದ ಎಲೆಯನ್ನು ಗೊತ್ತಿದ್ದವರು ಹೇಳುವವರೆಗೆ ಬಾಯಿಗೆ ಹಾಕಬೇಡಿ ಎಂಬುದು ಬೇರೆ ಮಾತು. ಕಡ್ಡಿ ಕೊಡಲು ಯಾರೂ ಬೇಡವೆನ್ನುವುದಿಲ್ಲ. ಚಹಾ ಕುಡಿಯದೆ ಹೊರಡಲು ಬಿಡುವುದೂ ಇಲ್ಲ. ಆ ಗಿಡ ಬದುಕಿದ ಮೇಲೆ ನೀವೂ ಒಬ್ಬರಿಗೆ ಕಡ್ಡಿ ಕೊಡಿ. ಎರಡು ಮನೆಯಲ್ಲಿದ್ದರೆ ಒಂದರಲ್ಲಿ ಸತ್ತರೂ ಇನ್ನೊಂದರಿಂದ ತರಬಹುದು.

ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಬರುವಾಗ ನಿಮ್ಮ ಮನೆಯಲ್ಲಿರುವ ಯಾವುದಾದರೂ ಗಿಡದ ಎರಡು ಕಡ್ಡಿ ತನ್ನಿ. ಒದ್ದೆ ಬಟ್ಟೆ ಸುತ್ತಿ, ಒಂದು ಚೀಟಿ ಕಟ್ಟಿ: ಮನೆಯ ಹೆಸರು, ಮಾರುಕಟ್ಟೆಯ ಹೆಸರು, ಒಂದು ಅಡುಗೆ. ಚೀಟಿ ಕನ್ನಡದಲ್ಲಿರಲಿ. ಒತ್ತಕ್ಷರ ತಪ್ಪಿದರೂ ಗಿಡ ಬೇರು ಬಿಡುತ್ತದೆ.